ಮೊದಲ ಸ್ಕೀ ಪಾಠದಲ್ಲೇ ಹೆದರಿದ ಮಗಳು: ಮತ್ತೆ ಕರೆದೊಯ್ಯಬೇಕೆ?

ಪ್ರಶ್ನೆ: ನಾವು ಬೆಳಗಾವಿ ಟಿಳಕವಾಡಿಯವರು. ಹೋದ ಜನವರಿಯೊಳಗ ಮನಾಲಿ ಕಡೆ ಹೋಗಿದ್ವಿ. ಹಿಮದ ಇಳಿಜಾರಿನ್ಯಾಗ ಒಬ್ಬರು ‘ಒಂದ ತಾಸಿನ್ಯಾಗ ಸ್ಕೀ ಕಲಿಸ್ತೀನಿ’ ಅಂದ್ರು, ಕಾಲಿಗೆ ಉದ್ದನ ಹಲಗಿ ಕಟ್ಕೊಂಡು ಹಿಮದ ಮ್ಯಾಲೆ ಜಾರೂ ಆಟ. ಬೂಟು ದೊಡ್ಡವಾಗಿದ್ವು, ಎರಡ ಜೋಡಿ ಸಾಕ್ಸ್ ಹಾಕಿಸಿದ್ರು. ಮೊದಲು ಕೈ ಹಿಡದು, ತಾವು ಹಿಂದಕ್ಕ ಸರಕೋತ ನಮ್ಮನ್ನ ಎಳದ್ರು. ಆಮ್ಯಾಲೆ ಸ್ವಲ್ಪ ಮ್ಯಾಲೆ ಕರ್ಕೊಂಡು ಹೋಗಿ ಬಿಟ್ಟಬಿಟ್ರು. 11 ವರ್ಷದ ಮಗಳು ನಿಲ್ಲಾಕ ಬರಲಾರದ ಸೀದಾ ಹೋಗಿ ಮಂದಿ ನಡುವ ಬಿದ್ಲು. ಪೆಟ್ಟೇನೂ ಆಗಲಿಲ್ಲ, ಆದ್ರ ಭಾಳ ಅತ್ತು ‘ಇನ್ನ ಯಾವತ್ತೂ ಬರೂದಿಲ್ಲ’ ಅಂದ್ಲು. ನಂದು (ವಯಸ್ಸು 41) ಬಲಗಾಲ ಮೊಣಕಾಲು ಒಳಗಿನ ಕಡೆ ತಿರುಚಿ ಮೂರು ವಾರ ಕುಂಟಿದೆ. 7 ವರ್ಷದ ಮಗ ಮಾತ್ರ ಕುಣದಾಡಿದ. ಈಗ ಮನೆಯವರು ಗುಲ್ಮಾರ್ಗಕ್ಕ ಹೋಗಿ ಸರಿಯಾಗಿ ಕಲಿಯೂಣು ಅಂತಾರ, ‘ಧೈರ್ಯ ಮಾಡಿದ್ರ ಎಲ್ಲಾ ಬರ್ತದ’ ಅಂತ ಮಗಳಿಗೆ ದಿನಾ ಹೇಳ್ತಾರ. ಬಯಲುಸೀಮಿ ಮಂದಿ ನಾವು, ಇದು ನಮಗ ಆಗಿಬರೂದಲ್ಲೇನು? ಒಮ್ಮೆ ಹೆದರಿದ ಹುಡುಗಿ ಮನಸ್ಸು ತಿರುಗ್ತದೇನು? ಹೋದ್ರ ಕೋರ್ಸ್ ಒಳ್ಳೇದೋ, ಒಬ್ಬ ಶಿಕ್ಷಕರನ್ನ ಗೊತ್ತುಮಾಡೂದು ಒಳ್ಳೇದೋ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಆತಂಕಗಳು ಹೆಣೆದುಕೊಂಡಿವೆ. ನಮ್ಮ ಕಡೆಯವರಿಗೆ ಸ್ಕೀ ಒಗ್ಗುತ್ತದೆಯೇ, ಹೆದರಿದ ಮನಸ್ಸು ತಿರುಗುತ್ತದೆಯೇ, ಮುಂದಿನ ದಾರಿ ಯಾವುದು. ಮೊದಲೆರಡಕ್ಕೆ ಉತ್ತರ ನೀವು ಬರೆದ ಆ ಒಂದು ತಾಸಿನಲ್ಲೇ ಸಿಗುತ್ತದೆ. ಆ ತಾಸಿನಲ್ಲಿ ನಿಮಗೆ ಜಾರುವುದನ್ನು ತೋರಿಸಿದರು, ನಿಲ್ಲುವುದನ್ನು ಕಲಿಸಲಿಲ್ಲ. ಕಾಲಿಗೆ ಕೂರದ ಬೂಟು, ನಿಲ್ಲಿಸಲು ಬಾರದ ವೇಗ, ಎದುರಿಗೆ ಜನ. ಇಷ್ಟೂ ಕೂಡಿದಾಗ 11 ವರ್ಷದ ಹುಡುಗಿ ಹೆದರಿದ್ದು ಸರಿಯಾದ ಅಂದಾಜು. ಅವಳಲ್ಲಿ ಕೊರತೆ ಹುಡುಕಬೇಡಿ.

ಹೊಸಬರಿಗೆ ಸ್ಕೀ ಕಲಿಸುವವರೆಲ್ಲ ಬಲ್ಲ ಮಾತೊಂದಿದೆ: ಮೊದಲ ಎರಡು-ಮೂರು ತಾಸಿನಲ್ಲಿ ‘ನಾನು ಬೇಕೆಂದ ಕಡೆ ನಿಲ್ಲಬಲ್ಲೆ’ ಎಂಬುದು ಕಾಲಿಗೆ ಗೊತ್ತಾದವರು ಮತ್ತೆ ಬರುತ್ತಾರೆ. ಗೊತ್ತಾಗದವರು ಫೋಟೊ ತೆಗೆಸಿಕೊಂಡು ಹೋಗುತ್ತಾರೆ, ಮತ್ತೆ ಬರುವುದಿಲ್ಲ. ಸ್ಕೀ ಸಂಸ್ಕೃತಿ ಬೇರೂರಿರುವ ಅಮೆರಿಕದಲ್ಲೇ ಮೊದಲ ಸಲ ಸ್ಕೀ ಕಟ್ಟಿದವರಲ್ಲಿ ಅದನ್ನು ಮುಂದುವರಿಸುವವರು ಸರಿಸುಮಾರು ಆರರಲ್ಲಿ ಒಬ್ಬರು ಎಂದು ಅಲ್ಲಿನ ಉದ್ಯಮದವರು ಲೆಕ್ಕ ಹಾಕಿಕೊಂಡು, 2000ದಿಂದೀಚೆಗೆ ಹೊಸಬರ ಪಾಠದ ಮೇಲೇ ಗಮನ ಇಟ್ಟಿದ್ದಾರೆ. ಹಿಮದಲ್ಲೇ ಹುಟ್ಟಿ ಬೆಳೆದವರ ಸ್ಥಿತಿ ಹೀಗಿರುವಾಗ, ಬೆಳಗಾವಿಯಿಂದ ಹೋಗಿ ಒಂದು ತಾಸು ಎಳೆಸಿಕೊಂಡ ಹುಡುಗಿ ‘ಬೇಡ’ ಎಂದರೆ ಅದರಿಂದ ಅವಳ ಸ್ವಭಾವವನ್ನು ಅಳೆಯಲು ಬರುವುದಿಲ್ಲ.

ಆ ಇಳಿಜಾರಿನಲ್ಲಿ ಏನಾಯಿತು ಎಂಬುದನ್ನು ಸ್ವಲ್ಪ ಬಿಡಿಸಿ ನೋಡೋಣ. ಹೊಸಬರಿಗೆ ಬೇಕಾದ್ದು ಸುಮಾರು 5 ಡಿಗ್ರಿಯ ಇಳಿಜಾರು. ಹತ್ತು ಮೀಟರ್ ಸಾಗಿದರೆ ಒಂದು ಮೀಟರಿಗಿಂತ ಕಡಿಮೆ ಇಳಿತ. ನೋಡಿದರೆ ‘ಇದೇನು ಸಪಾಟಾಗಿದೆಯಲ್ಲ’ ಅನ್ನಿಸಬೇಕು. ಅಲ್ಲಿ ಸೀದಾ ಬಿಟ್ಟರೂ ನಡಿಗೆಯ, ಹೆಚ್ಚೆಂದರೆ ಓಟದ ವೇಗ ಬರುತ್ತದೆ. 15 ಡಿಗ್ರಿ ಕಣ್ಣಿಗೆ ಅಷ್ಟೇನೂ ಕಡಿದಾಗಿ ಕಾಣುವುದಿಲ್ಲ, ಆದರೆ ಅಲ್ಲಿ 20 ಮೀಟರ್ ಸೀದಾ ಜಾರಿದರೆ ನಾಲ್ಕೈದು ಸೆಕೆಂಡಿನಲ್ಲಿ ತಾಸಿಗೆ 30 ಕಿಲೋಮೀಟರ್ ಹತ್ತಿರದ ವೇಗ ಬಂದುಬಿಡುತ್ತದೆ. ‘ಸ್ವಲ್ಪ ಮ್ಯಾಲೆ’ ಅಂತ ನೀವು ಬರೆದಿರುವುದರಲ್ಲಿ ಈ ವ್ಯತ್ಯಾಸವೆಲ್ಲ ಅಡಗಿದೆ. ಇಳಿಜಾರಿನ ಕೋನದಷ್ಟೇ ಅದರ ಕೊನೆಯೂ ಮುಖ್ಯ. ಕೆಳಗೆ ಸಮತಟ್ಟು, ಇಲ್ಲವೇ ಎದುರಿಗೆ ತುಸು ಏರು ಇದ್ದರೆ ಏನೂ ಬಾರದವರೂ ತಾವಾಗಿ ನಿಲ್ಲುತ್ತಾರೆ. ನಿಮ್ಮ ಮಗಳ ಎದುರಿಗೆ ಆ ಜಾಗದಲ್ಲಿ ಮಂದಿ ಇದ್ದರು.

ಇನ್ನು ಶರೀರದ ಮಾತು. ಇಳಿಜಾರಿನಲ್ಲಿ ಹೆದರಿಕೆಯಾದ ತಕ್ಷಣ ಮನುಷ್ಯ ಹಿಂದಕ್ಕೆ, ಗುಡ್ಡದ ಕಡೆಗೆ ವಾಲುತ್ತಾನೆ. ನೆಲದ ಮೇಲೆ ಇದು ಕಾಪಾಡುವ ಚಲನೆ. ಸ್ಕೀ ಮೇಲೆ ಇದೇ ಅನಾಹುತ. ಭಾರ ಹಿಂದಕ್ಕೆ ಹೋದ ಕೂಡಲೇ ಸ್ಕೀಯ ಮುಂಭಾಗ ಹಗುರಾಗುತ್ತದೆ, ಹಗುರಾದ ಮುಂಭಾಗ ಹಿಮವನ್ನು ಹಿಡಿಯುವುದಿಲ್ಲ. ಹಿಡಿತವಿಲ್ಲದೆ ಸ್ಕೀ ತಿರುಗುವುದಿಲ್ಲ, ತಿರುಗದ ಸ್ಕೀ ಸೀದಾ ಕೆಳಗೆ ಓಡುತ್ತದೆ. ವೇಗ ಹೆಚ್ಚಿದಷ್ಟೂ ಮನುಷ್ಯ ಇನ್ನಷ್ಟು ಹಿಂದಕ್ಕೆ ವಾಲುತ್ತಾನೆ. ‘ಧೈರ್ಯ ಮಾಡು’ ಅನ್ನುವುದರಿಂದ ಈ ಸುತ್ತು ಕಡಿಯುವುದಿಲ್ಲ. ಕಡಿಯಬೇಕಾದರೆ ಹೆದರಿಕೆಯೇ ಹುಟ್ಟದಷ್ಟು ಸಣ್ಣ ಇಳಿಜಾರಿನಲ್ಲಿ, ಮುಂದಕ್ಕೆ ಭಾರ ಹಾಕಿದರೆ ಸ್ಕೀ ಮಾತು ಕೇಳುತ್ತದೆ ಎಂಬುದು ಕಾಲಿಗೆ ಹತ್ತಾರು ಸಲ ಅನುಭವಕ್ಕೆ ಬರಬೇಕು. ನಮ್ಮ ಹಳ್ಳಿಗಳಲ್ಲಿ ಬಾವಿಗೆ ಇಳಿಸುವಾಗ ಮಗುವಿನ ಸೊಂಟಕ್ಕೆ ಒಣಗಿದ ಸೋರೆಬುರುಡೆ ಕಟ್ಟುತ್ತಿದ್ದರಲ್ಲ, ಹೊಸಬರಿಗೆ ಆ ಸಪಾಟು ಇಳಿಜಾರು ಅದೇ ಕೆಲಸ ಮಾಡುತ್ತದೆ.

ಈಗ ಬೂಟಿನ ವಿಷಯ. ಇದನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಕೆಟ್ಟ ಮೊದಲ ಪಾಠಗಳಲ್ಲಿ ಅರ್ಧದಷ್ಟು ಬೂಟಿನಲ್ಲೇ ಕೆಟ್ಟಿರುತ್ತವೆ. ಸ್ಕೀ ಬೂಟು ಗಟ್ಟಿ ಪ್ಲಾಸ್ಟಿಕ್ಕಿನದು. ನೀವು ಮುಂದಕ್ಕೆ ಬಾಗಿದಾಗ ನಿಮ್ಮ ಮುಂಗಾಲಿನ ಮೂಳೆ (ಮೊಣಕಾಲಿನ ಕೆಳಗೆ ಮುಂದಿರುವ ಎಲುಬು) ಬೂಟಿನ ನಾಲಿಗೆಯನ್ನು ಒತ್ತುತ್ತದೆ, ಆ ಒತ್ತಡ ಸ್ಕೀಯ ಮುಂಭಾಗಕ್ಕೆ ಹೋಗುತ್ತದೆ. ಬೂಟು ದೊಡ್ಡದಾದರೆ ಕಾಲು ಒಳಗೆ ತಿರುಗುತ್ತದೆ, ಸ್ಕೀ ಮಾತ್ರ ಇದ್ದಲ್ಲೇ ಇರುತ್ತದೆ. ಕಲಿಯುವವರು ‘ನನಗೆ ಬರುತ್ತಿಲ್ಲ’ ಎಂದು ತಮ್ಮನ್ನೇ ಬೈದುಕೊಳ್ಳುತ್ತಾರೆ. ನಮ್ಮ ಕಡೆ ಚಪ್ಪಲಿಯಲ್ಲಿ ಬೆಳೆದ ಪಾದಗಳು ಬೆರಳಿನ ಬಳಿ ಅಗಲವಾಗಿರುವುದು ಸಾಮಾನ್ಯ. ಬಾಡಿಗೆಗೆ ಕೊಡುವವರು ಅಗಲದ ಬೂಟು ಹುಡುಕುವ ಬದಲು ಒಂದೆರಡು ಅಳತೆ ಉದ್ದದ್ದನ್ನು ಕೊಟ್ಟು, ಸಡಿಲಾದರೆ ಇನ್ನೊಂದು ಜೋಡಿ ಸಾಕ್ಸ್ ಹಾಕಿಸುತ್ತಾರೆ. ದಪ್ಪ ಸಾಕ್ಸ್ ಮಡಚಿಕೊಂಡು ಒತ್ತುತ್ತದೆ, ಬೆವರು ಹಿಡಿದು ಕಾಲು ಇನ್ನೂ ತಣ್ಣಗಾಗುತ್ತದೆ, ಹಿಮ್ಮಡಿ ಮೇಲೇಳುತ್ತದೆ. ನಿಮಗಾದದ್ದು ಇದೇ.

ಸರಿಯಾದ ಬೂಟು ನೋಡುವ ಕ್ರಮ ಹೀಗೆ. ಸ್ಕೀ ಬೂಟಿನ ಅಳತೆ ಪಾದದ ಉದ್ದದ ಸೆಂಟಿಮೀಟರ್ ಲೆಕ್ಕದಲ್ಲಿರುತ್ತದೆ. ಮನೆಯಲ್ಲೇ ಗೋಡೆಗೆ ಹಿಮ್ಮಡಿ ಒತ್ತಿ ನಿಂತು ಹೆಬ್ಬೆರಳಿನ ತುದಿಯವರೆಗೆ ಅಳೆದುಕೊಂಡು ಹೋಗಿ, 24 ಬಂದರೆ 24 ಅಥವಾ 24.5 ಕೇಳಿ. ಒಳಗಿನ ಮೆತ್ತೆ ಹೊರತೆಗೆದು ಬರಿ ಚಿಪ್ಪಿನೊಳಗೆ ಕಾಲಿಟ್ಟು, ಬೆರಳು ಮುಂದಕ್ಕೆ ತಾಗಿಸಿದಾಗ ಹಿಮ್ಮಡಿಯ ಹಿಂದೆ ಒಂದೂವರೆಯಿಂದ ಎರಡು ಸೆಂಟಿಮೀಟರ್ ಜಾಗ ಉಳಿಯಬೇಕು. ಮೆತ್ತೆ ಹಾಕಿ ನೆಟ್ಟಗೆ ನಿಂತರೆ ಬೆರಳ ತುದಿ ಮುಂದೆ ಮೆಲ್ಲಗೆ ತಾಗಬೇಕು, ಮೊಣಕಾಲು ಬಗ್ಗಿಸಿದರೆ ಆ ತಾಗುವಿಕೆ ಬಿಡಬೇಕು, ಹಿಮ್ಮಡಿ ಕದಲಬಾರದು. ಸಾಕ್ಸ್ ಒಂದೇ ಜೋಡಿ, ತೆಳ್ಳಗಿನದು, ಮೊಣಕಾಲಿನವರೆಗೆ ಬರುವಂಥದು. ಥರ್ಮಲ್ ಪ್ಯಾಂಟಿನ ಅಂಚು ಬೂಟಿನೊಳಗೆ ಹೋಗಬಾರದು. ಬಕಲ್ ಹಾಕುವ ಮೊದಲು ಹಿಮ್ಮಡಿಯನ್ನು ನೆಲಕ್ಕೆ ಕುಟ್ಟಿ ಹಿಂದಕ್ಕೆ ಕೂರಿಸಿ, ಮೊದಲು ಹರಡಿನ ಬಳಿಯದು, ಆಮೇಲೆ ಮೇಲಿನದು, ಬೆರಳ ಬಳಿಯದು ಕೊನೆಗೆ ಸಡಿಲವಾಗಿ. ಹತ್ತು ನಿಮಿಷ ಅದರಲ್ಲೇ ನಿಂತು ನೋಡಿ. ಬಿಗಿ ಅನ್ನಿಸುವುದು ಸಹಜ, ಒಂದೇ ಚುಕ್ಕೆಯಲ್ಲಿ ಚುಚ್ಚಿದರೆ ಬದಲಿಸಿ. ಕೆಲವು ಪ್ರವಾಸಿ ಜಾಗಗಳಲ್ಲಿ ಮಳೆಗಾಲದ ರಬ್ಬರ್ ಬೂಟಿಗೇ ಹಲಗೆ ಕಟ್ಟಿ ಕೊಡುತ್ತಾರೆ. ಅದನ್ನು ಹಾಕಿಕೊಳ್ಳಲೇಬೇಡಿ.

ಬೂಟು ಸ್ಕೀಗೆ ಕೂರುವ ಬೈಂಡಿಂಗ್ ಇನ್ನೊಂದು ಮುಖ್ಯ ಭಾಗ. ಬಿದ್ದಾಗ ಕಾಲು ಮುರಿಯುವ ಮೊದಲೇ ಬೂಟನ್ನು ಬಿಡುಗಡೆ ಮಾಡುವುದು ಅದರ ಕೆಲಸ. ಎಷ್ಟು ಒತ್ತಡಕ್ಕೆ ಬಿಡಬೇಕು ಎಂಬ ಅಂಕಿ ಅದರ ಮೇಲೆ ಇರುತ್ತದೆ, ಅದನ್ನು ತೂಕ, ಎತ್ತರ, ವಯಸ್ಸು, ಬೂಟಿನ ತಳದ ಉದ್ದ, ಕಲಿಕೆಯ ಮಟ್ಟ ನೋಡಿ ಪಟ್ಟಿಯಿಂದ ಇಡಬೇಕು. ನಿಮ್ಮ ತೂಕ ಕೇಳದೆ ಸ್ಕೀ ಕೈಗಿಟ್ಟರೆ ಅದನ್ನು ಹೊಂದಿಸಿಲ್ಲ ಎಂದರ್ಥ. ನಿಮ್ಮ ಮೊಣಕಾಲು ಒಳಗಡೆ ತಿರುಚಿದಾಗ ಸ್ಕೀ ಕಳಚಿತ್ತೇ? ನೆನಪು ಮಾಡಿಕೊಳ್ಳಿ. ಮೆಲ್ಲಗೆ ತಿರುಚುತ್ತಾ ಬೀಳುವ ಪೆಟ್ಟಿನಲ್ಲಿ ಸರಿಯಾಗಿ ಹೊಂದಿಸಿದ ಬೈಂಡಿಂಗ್ ಕೂಡ ಕೆಲವೊಮ್ಮೆ ಬಿಡುವುದಿಲ್ಲ, ಇದು ಆ ಯಂತ್ರದ ಮಿತಿ. 1970ರ ದಶಕದಿಂದ ಈಚೆಗೆ ಬೈಂಡಿಂಗ್ ಸುಧಾರಿಸಿ ಮುಂಗಾಲಿನ ಮೂಳೆ ಮುರಿತ ಬಹಳ ಇಳಿದಿದೆ, ಮೊಣಕಾಲಿನ ಪೆಟ್ಟು ಅಷ್ಟು ಇಳಿದಿಲ್ಲ. ಸ್ಕೀ ಹಾಕುವ ಮೊದಲು ಬೂಟಿನ ತಳಕ್ಕೆ ಹತ್ತಿದ ಹಿಮವನ್ನು ಕೆರೆದು ತೆಗೆಯಬೇಕು ಎಂಬುದನ್ನೂ ಮಕ್ಕಳಿಗೆ ಹೇಳಿಕೊಡಿ, ಹಿಮ ಅಂಟಿದ್ದರೆ ಬೈಂಡಿಂಗ್ ಅರ್ಧಂಬರ್ಧ ಕೂರುತ್ತದೆ. ಸ್ಕೀಯ ಉದ್ದ ಹೊಸಬರಿಗೆ ಗದ್ದದಿಂದ ಮೂಗಿನ ನಡುವೆ, ಮಗನಿಗೆ ಎದೆಯಿಂದ ಗದ್ದದ ನಡುವೆ ಸಾಕು. ಚಿಕ್ಕ ಸ್ಕೀಯಿಂದ ಶುರುಮಾಡಿ ಕ್ರಮೇಣ ಉದ್ದಕ್ಕೆ ಹೋಗುವ ಪದ್ಧತಿಯನ್ನು 1960ರ ದಶಕದಲ್ಲಿ ಅಮೆರಿಕದ ಕ್ಲಿಫ್ ಟೇಲರ್ ಜನಪ್ರಿಯಗೊಳಿಸಿದರು. ತಿರುಗಿಸಲು ಸುಲಭವಾದದ್ದು ಕೊಟ್ಟರೆ ಹೊಸಬರು ಬೇಗ ನಗುತ್ತಾರೆ.

ಹಾಗಾದರೆ ಒಳ್ಳೆಯ ಮೊದಲ ದಿನ ಹೇಗಿರುತ್ತದೆ? ಮೊದಲ ಹತ್ತು ಹದಿನೈದು ನಿಮಿಷ ಸ್ಕೀ ಇಲ್ಲವೇ ಇಲ್ಲ. ಬರಿ ಬೂಟಿನಲ್ಲಿ ಹಿಮದ ಮೇಲೆ ನಡಿಗೆ, ಅಡ್ಡಡ್ಡ ಹೆಜ್ಜೆಯಿಟ್ಟು ಗುಡ್ಡ ಹತ್ತುವುದು, ಬೂಟಿನ ಅಂಚಿನಿಂದ ಹಿಮ ಕೊರೆಯುವುದು. ಆಮೇಲೆ ಒಂದೇ ಕಾಲಿಗೆ ಸ್ಕೀ, ಇನ್ನೊಂದು ಕಾಲಲ್ಲಿ ತಳ್ಳಿಕೊಂಡು ಸಮತಟ್ಟಿನಲ್ಲಿ ಸುತ್ತುವುದು, ಕಾಲು ಬದಲಿಸುವುದು. ಹೆದರಿದವರಿಗೆ ಈ ಒಂದು ಕಾಲಿನ ಆಟಕ್ಕಿಂತ ಒಳ್ಳೆಯ ಔಷಧಿ ಇನ್ನೊಂದಿಲ್ಲ. ಯಾವಾಗ ಬೇಕಾದರೂ ಇನ್ನೊಂದು ಕಾಲು ನೆಲಕ್ಕೆ ಊರಬಹುದು. ನಂತರ ಎರಡೂ ಕಾಲಿಗೆ ಸ್ಕೀ, ಕೈಯಲ್ಲಿ ಕೋಲು ಇಲ್ಲದೆ. ಕೋಲು ಕೊಟ್ಟರೆ ಹೊಸಬರು ಅದರ ಮೇಲೆ ಒರಗುತ್ತಾರೆ, ಬಿದ್ದಾಗ ಅದರ ಪಟ್ಟಿಗೆ ಹೆಬ್ಬೆರಳು ಸಿಕ್ಕಿ ಕೀಲು ತಿರುಚುತ್ತದೆ. ಬೀಳುವುದನ್ನೂ ಇಲ್ಲೇ ಕಲಿಸಬೇಕು: ಬದಿಗೆ, ಗುಡ್ಡದ ಕಡೆಗೆ ಕುಳಿತಂತೆ ಬೀಳುವುದು, ಜಾರುವುದು ಪೂರ್ತಿ ನಿಂತ ಮೇಲೇ ಏಳಲು ನೋಡುವುದು. ಹಿಂದಕ್ಕೆ ಕುಕ್ಕರಿಸಿ ಜಾರುತ್ತಲೇ ಏಳಲು ಹೋದವರ ಮೊಣಕಾಲಿನ ಮುಖ್ಯ ಕಟ್ಟು (ಎಲುಬುಗಳನ್ನು ಜೋಡಿಸುವ ಲಿಗಮೆಂಟ್) ಹರಿಯುವುದು ಸ್ಕೀಯಲ್ಲಿ ಬಹಳ ಪರಿಚಿತ ಪೆಟ್ಟು.

ಆಮೇಲೆ ಬರುವುದು ಸ್ನೋಪ್ಲೌ. ಸ್ಕೀಗಳ ಮುಂತುದಿ ಹತ್ತಿರ, ಹಿಂತುದಿ ಅಗಲ. ಮಕ್ಕಳಿಗೆ ಪಿಜ್ಜಾ ತುಂಡು ಎಂದು ಹೇಳಿಕೊಡುತ್ತಾರೆ. ಹಿಂತುದಿ ಅಗಲಿಸಿದಷ್ಟೂ, ಒಳ ಅಂಚು ಒತ್ತಿದಷ್ಟೂ ವೇಗ ಇಳಿಯುತ್ತದೆ. ಆಸ್ಟ್ರಿಯಾದ ಸೇಂಟ್ ಆಂಟನ್‌ನಲ್ಲಿ ಹಾನ್ನೆಸ್ ಶ್ನೈಡರ್ 1920ರ ದಶಕದಲ್ಲಿ ತಮ್ಮ ಶಾಲೆಯಲ್ಲಿ ಸ್ನೋಪ್ಲೌನಿಂದ ಶುರುಮಾಡಿ ಮೆಟ್ಟಿಲು ಮೆಟ್ಟಿಲಾಗಿ ಕಲಿಸುವ ಕ್ರಮ ಹಾಕಿಕೊಟ್ಟರು, ಇಂದಿಗೂ ಹೊಸಬರ ಪಾಠ ಹೆಚ್ಚುಕಡಿಮೆ ಅದೇ ದಾರಿಯಲ್ಲಿ ಸಾಗುತ್ತದೆ. ಮೊದಲು ಅಗಲಿಸಿ ನಿಲ್ಲುವುದು, ಆಮೇಲೆ ಹೇಳಿದ ಜಾಗದಲ್ಲಿ ನಿಲ್ಲುವುದು. ಹಿಮದ ಮೇಲೆ ಒಂದು ಕೈಗವಸು ಇಟ್ಟು ‘ಇದರ ಪಕ್ಕ ನಿಲ್ಲು’ ಎಂದರೆ ಸಾಕು. ಐದು ಸಲದಲ್ಲಿ ನಾಲ್ಕು ಸಲ ಸರಿಯಾಗಿ ನಿಲ್ಲುವ ತನಕ ಮೇಲಕ್ಕೆ ಹೋಗಬಾರದು. ತಿರುಗುವುದು ಅದಾದ ಮೇಲೆ: ಎಡಗಾಲು ಒತ್ತಿದರೆ ಬಲಕ್ಕೆ, ಬಲಗಾಲು ಒತ್ತಿದರೆ ಎಡಕ್ಕೆ. ಸ್ಕೀ ಹಾಕಿ ನಿಂತವರನ್ನು ಹಗ್ಗದಿಂದ ಗುಡ್ಡದ ಮೇಲಕ್ಕೆ ಎಳೆಯುವ ಲಿಫ್ಟ್ ಕೊನೆಗೆ. ಕಾಲುಗಳ ನಡುವೆ ಹಿಡಿಯುವ ಅದರ ತಟ್ಟೆಯ ಮೇಲೆ ಕೂರಲು ಹೋದವರೆಲ್ಲ ಬೀಳುತ್ತಾರೆ, ನಿಂತೇ ಎಳೆಸಿಕೊಳ್ಳಬೇಕು ಎಂದು ಮೊದಲೇ ಹೇಳಿದರೆ ಮುಜುಗರ ತಪ್ಪುತ್ತದೆ.

ಸ್ನೋಪ್ಲೌಗೂ ಮಿತಿ ಇದೆ. ಕಡಿದಾದ ಕಡೆ ಅದು ಹಿಡಿಯುವುದಿಲ್ಲ. ತೊಡೆ ಉರಿಯುತ್ತದೆ, ಮೊಣಕಾಲುಗಳು ಒಳಕ್ಕೆ ಕುಸಿಯುತ್ತವೆ, ಒಂದು ಸ್ಕೀ ಹೊರಗೆ ಓಡಿದರೆ ಮೊಣಕಾಲಿನ ಒಳಬದಿಯ ಕಟ್ಟು ಎಳೆಯುತ್ತದೆ. ನೀವು ಬರೆದ ಪೆಟ್ಟಿನ ವರ್ಣನೆ ಇದಕ್ಕೆ ಹೊಂದುತ್ತದೆ, ಹೊಸಬರಲ್ಲಿ ಅತಿ ಸಾಮಾನ್ಯವಾದ ಪೆಟ್ಟೂ ಇದೇ.

ಕೈ ಹಿಡಿದು ಹಿಂದಕ್ಕೆ ಸರಿಯುತ್ತಾ ಎಳೆಯುವ ಪದ್ಧತಿಯ ಬಗ್ಗೆಯೂ ಹೇಳಬೇಕು. ಒಂದೆರಡು ಸಲ ತೂಕದ ಅಂದಾಜು ಕೊಡಲು ಅದನ್ನು ಬಳಸುವುದುಂಟು. ತಾಸೆಲ್ಲ ಅದನ್ನೇ ಮಾಡಿದರೆ ಕಲಿಯುವವರ ಭಾರ ಶಿಕ್ಷಕರ ಕೈಯಲ್ಲಿರುತ್ತದೆ, ಕೈ ಬಿಟ್ಟ ಕ್ಷಣ ಶೂನ್ಯದಿಂದ ಶುರು. ಪ್ರವಾಸಿಗರ ಇಳಿಜಾರುಗಳಲ್ಲಿ ಇದೇ ನಡೆಯುವುದಕ್ಕೆ ಕಾರಣ ಸರಳ: ದಿನಕ್ಕೆ ಹತ್ತಾರು ಮಂದಿ, ತಲೆಗೆ ಒಂದು ತಾಸು, ಫೋಟೊ ಚೆನ್ನಾಗಿ ಬರಬೇಕು. ಕಲಿಸಿದವರಲ್ಲಿ ಅನೇಕರು ಸ್ವತಃ ಅದ್ಭುತವಾಗಿ ಸ್ಕೀ ಮಾಡಬಲ್ಲವರು. ಸ್ಕೀ ಬರುವುದು ಬೇರೆ, ಹೆದರಿದವರಿಗೆ ಕಲಿಸುವುದು ಬೇರೆ ಕಸುಬು.

ನಿಮ್ಮ ಮಗನ ವಿಷಯಕ್ಕೆ ಬರುತ್ತೇನೆ. ಮನೆಯಲ್ಲಿ ಎಲ್ಲರೂ ಮಗಳ ಚಿಂತೆಯಲ್ಲಿದ್ದೀರಿ, ನನಗೆ ಅವನ ಚಿಂತೆಯೂ ಇದೆ. ಏಳು ವರ್ಷದ ಹುಡುಗ ಸೀದಾ ಜಾರಿ, ಬಿದ್ದು, ನಕ್ಕು, ಮತ್ತೆ ಜಾರಿದ್ದಾನೆ. ಅವನೂ ನಿಲ್ಲುವುದನ್ನು ಕಲಿತಿಲ್ಲ. ಅಕ್ಕನಿಗೆ ‘ಸ್ಕೀ ಎಂದರೆ ಕೈಮೀರಿದ ವೇಗ, ಅದು ಭಯಂಕರ’ ಎಂದು ಆ ಪಾಠ ಹೇಳಿಕೊಟ್ಟಿತು, ತಮ್ಮನಿಗೆ ‘ಕೈಮೀರಿದ ವೇಗ, ಅದೇ ಮಜಾ’ ಎಂದು. ಎರಡೂ ತಪ್ಪು ಪಾಠ. ಇಳಿಜಾರಿನಲ್ಲಿ ಸೀದಾ ಬಿಟ್ಟುಕೊಂಡು ಹೋಗುವ ಮಗು ಇತರರಿಗೂ ಅಪಾಯ. ಅಂತರರಾಷ್ಟ್ರೀಯ ಸ್ಕೀ ಒಕ್ಕೂಟದ ಹತ್ತು ನಡವಳಿಕೆಯ ನಿಯಮಗಳಲ್ಲಿ ಮೊದಲಿನವೇ ಇವು: ಇತರರಿಗೆ ಅಪಾಯವಾಗದಂತೆ ನಡೆದುಕೊಳ್ಳಬೇಕು, ನಿಯಂತ್ರಣದಲ್ಲಿರಬೇಕು, ಕೆಳಗೆ ಇರುವವರಿಗೆ ಮೊದಲ ಹಕ್ಕು, ಮೇಲಿಂದ ಬರುವವರು ದಾರಿ ಆರಿಸಿಕೊಳ್ಳಬೇಕು. ಅವನಿಗೂ ಕೈಗವಸಿನ ಆಟ ಕಡ್ಡಾಯ.

‘ಬಯಲುಸೀಮೆಯವರಿಗೆ ಆಗಿಬರುವುದಿಲ್ಲ’ ಎಂಬ ಮಾತಿಗೆ ಆಧಾರವಿಲ್ಲ. ಕೊಡಗಿನ ಭವಾನಿ ತೆಕ್ಕಡ ನಂಜುಂಡ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ ಕ್ರಾಸ್ ಕಂಟ್ರಿ ಸ್ಕೀಯಿಂಗ್‌ನಲ್ಲಿ ಕರ್ನಾಟಕಕ್ಕೆ ಚಿನ್ನ ತಂದಿದ್ದಾರೆ, ಕೊಡಗಿನಲ್ಲಿ ಹಿಮ ಬೀಳುವುದಿಲ್ಲ. ನಿಮಗಿರುವ ನಿಜವಾದ ತೊಡಕು ಎತ್ತರದ್ದು. ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್, ಗುಲ್ಮಾರ್ಗ ಸುಮಾರು 2,650 ಮೀಟರ್. ಒಂದೇ ದಿನದಲ್ಲಿ ಅಷ್ಟು ಏರಿದರೆ ತಲೆನೋವು, ನಿದ್ದೆಗೇಡು, ಮಕ್ಕಳಲ್ಲಿ ಕಿರಿಕಿರಿ ಸಾಮಾನ್ಯ, ಅದನ್ನು ‘ಹೆದರಿಕೆ’ ಎಂದು ತಪ್ಪು ತಿಳಿಯುವುದೂ ಸಾಮಾನ್ಯ. ಮೊದಲ ದಿನ ಸ್ಕೀ ಬೇಡ, ನೀರು ಹೆಚ್ಚು ಕುಡಿಯಿರಿ. ಬಿಸಿಲಿನ ಅತಿನೇರಳೆ ಕಿರಣ ಪ್ರತಿ ಸಾವಿರ ಮೀಟರಿಗೆ ಸುಮಾರು ಶೇ 10ರಷ್ಟು ಹೆಚ್ಚುತ್ತದೆ, ಹೊಸ ಹಿಮ ಅದರಲ್ಲಿ ಶೇ 80ರವರೆಗೆ ವಾಪಸ್ ಎರಚುತ್ತದೆ, ಹಾಗಾಗಿ ಗಾಗಲ್ಸ್ ಇಲ್ಲದೆ ಮಕ್ಕಳನ್ನು ಇಳಿಸಬೇಡಿ. ಜೀನ್ಸ್ ಒದ್ದೆಯಾದರೆ ಆ ದಿನದ ಪಾಠ ಮುಗಿದಂತೆಯೇ. ನೀರು ಹಿಡಿಯದ ಪ್ಯಾಂಟು, ನೀರು ಹಿಡಿಯದ ಕೈಗವಸು, ಹೆಲ್ಮೆಟ್ ನಾಲ್ವರಿಗೂ ಬೇಕು.

ಇನ್ನು ದಾರಿಗಳು. ಗುಲ್ಮಾರ್ಗದಲ್ಲಿ ಕೇಂದ್ರ ಪ್ರವಾಸೋದ್ಯಮ ಸಚಿವಾಲಯದಡಿಯ ಭಾರತೀಯ ಸ್ಕೀಯಿಂಗ್ ಮತ್ತು ಪರ್ವತಾರೋಹಣ ಸಂಸ್ಥೆ ಇದೆ, 1968ರಲ್ಲಿ ಶುರುವಾದದ್ದು. ಮನಾಲಿಯಲ್ಲಿ ಅಟಲ್ ಬಿಹಾರಿ ವಾಜಪೇಯಿ ಹೆಸರಿನ ಪರ್ವತಾರೋಹಣ ಸಂಸ್ಥೆ, ಉತ್ತರಾಖಂಡದ ಔಲಿಯಲ್ಲಿ ಗಢವಾಲ್ ಮಂಡಲ್ ವಿಕಾಸ್ ನಿಗಮ ಕೂಡ ಕೋರ್ಸ್ ನಡೆಸುತ್ತವೆ. ಇಂಥ ಕೋರ್ಸುಗಳು ಸಾಮಾನ್ಯವಾಗಿ 7 ಅಥವಾ 14 ದಿನದವು, ಖಾಸಗಿ ಪಾಠಕ್ಕಿಂತ ಬಹಳ ಅಗ್ಗ. ದಿನಗಳು ಹೆಚ್ಚಿರುವುದರಿಂದ ಕಲಿಕೆ ಗಟ್ಟಿಯಾಗುತ್ತದೆ. ತೊಂದರೆ ಎಂದರೆ ತಂಡ ದೊಡ್ಡದು, ಎಲ್ಲರಿಗೂ ಒಂದೇ ನಡೆ, ಬೆಳಗಿನ ಕಸರತ್ತು, ಸಲಕರಣೆ ಇದ್ದುದರಲ್ಲೇ ಹೊಂದಿಸಿಕೊಳ್ಳಬೇಕು. ನಿಮ್ಮ ಯಜಮಾನರಿಗೆ ಇದು ಚೆನ್ನಾಗಿ ಹೊಂದುತ್ತದೆ. ಹೆದರಿದ ಮಗಳನ್ನು ಮೊದಲ ಹೆಜ್ಜೆಯಾಗಿ ಇಂಥ ತಂಡಕ್ಕೆ ಸೇರಿಸಬಾರದು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಎಲ್ಲರೂ ಮುಂದೆ ಹೋಗಿ ತಾನೊಬ್ಬಳೇ ಹಿಂದುಳಿದರೆ ಹಳೆಯ ಗಾಯಕ್ಕೆ ನಾಚಿಕೆಯೂ ಸೇರುತ್ತದೆ.

ಅವಳಿಗೆ, ನಿಮಗೆ ಸರಿ ಕಾಣುವುದು ನಾಲ್ಕೈದು ದಿನದ ಖಾಸಗಿ ಪಾಠ, ನೀವಿಬ್ಬರೇ ಒಬ್ಬ ಶಿಕ್ಷಕರ ಜೊತೆ, ಬೆಳಿಗ್ಗೆ ಎರಡು ತಾಸು, ಊಟದ ನಂತರ ಮನಸ್ಸಿದ್ದರೆ ಇನ್ನೊಂದು ತಾಸು. ಖರ್ಚು ಹೆಚ್ಚು, ಶಿಕ್ಷಕರ ಗುಣಮಟ್ಟ ಒಬ್ಬರಿಂದೊಬ್ಬರಿಗೆ ಬೇರೆ, ಅದೇ ಇದರ ಅಪಾಯ. ಮಗನಿಗೆ ಬೇರೆ ಶಿಕ್ಷಕರು ಇರಲಿ, ಅಕ್ಕ-ತಮ್ಮ ಒಂದೇ ಕಡೆ ಕಲಿಯುವುದು ಬೇಡ. ಗುಲ್ಮಾರ್ಗದಲ್ಲಿ ಗೊಂಡೋಲಾ (ಬೆಟ್ಟದ ಮೇಲಕ್ಕೆ ಒಯ್ಯುವ ಕೇಬಲ್ ಕಾರು) ಬುಡದ ಸುತ್ತಲಿನ ಹುಲ್ಲುಗಾವಲಿನ ಇಳಿಜಾರುಗಳೇ ನಿಮ್ಮ ಜಾಗ. ಗೊಂಡೋಲಾದ ಎರಡನೇ ಹಂತ ಅಫರ್ವತ್ ಬೆಟ್ಟದಲ್ಲಿ ಸುಮಾರು 3,950 ಮೀಟರಿಗೆ ಒಯ್ಯುತ್ತದೆ; ಅಲ್ಲಿನ ಇಳಿಜಾರುಗಳು ಹಿಮಕುಸಿತದ ಅಪಾಯವಿರುವ, ಹದಗೊಳಿಸದ ಹಿಮದವು. ಯಾರೇ ‘ಮೂರನೇ ದಿನ ಮೇಲೆ ಹೋಗೋಣ’ ಎಂದರೂ ಸ್ಕೀ ಹಾಕಿಕೊಂಡು ಹೋಗಬೇಡಿ.

ದುಬೈನ ಒಳಾಂಗಣ ಸ್ಕೀ ಇಳಿಜಾರೂ ಒಂದು ದಾರಿ, 2005ರಿಂದ ಇದೆ. ಹವಾಮಾನದ ಕಾಟವಿಲ್ಲ, ಎತ್ತರದ ತೊಂದರೆಯಿಲ್ಲ, ಹೊಸಬರ ಜಾಗ ಪ್ರತ್ಯೇಕ. ದುಬಾರಿ, ಮತ್ತು ಬೆಟ್ಟದ ಗಾಳಿ, ಬೆಳಕು ಅಲ್ಲಿ ಸಿಗುವುದಿಲ್ಲ. ಸ್ಕೀಯೇ ಬೇಡ, ಹಿಮದಲ್ಲಿ ನಡೆದಾಡಿ, ಜಾರುಬಂಡಿಯಲ್ಲಿ ಆಡಿ ಬರುತ್ತೇವೆ ಎಂಬುದೂ ಒಪ್ಪತಕ್ಕ ದಾರಿಯೇ. ಮಗಳು ಅದನ್ನೇ ಆರಿಸಿದರೆ ಅದನ್ನು ಸೋಲು ಎಂದು ಮನೆಯಲ್ಲಿ ಯಾರೂ ಹೇಳಬಾರದು.

ಅವಳೊಂದಿಗೆ ಮಾತಾಡುವಾಗ ‘ಧೈರ್ಯ’ ಎಂಬ ಪದವನ್ನು ಸದ್ಯಕ್ಕೆ ಬದಿಗಿಡಲು ನಿಮ್ಮ ಯಜಮಾನರಿಗೆ ಹೇಳಿ. ಹೋದ ಸಲ ನಿಲ್ಲುವುದನ್ನು ಕಲಿಸಲೇ ಇಲ್ಲ, ಅದು ದೊಡ್ಡವರ ತಪ್ಪು ಎಂದು ನೇರವಾಗಿ ಒಪ್ಪಿಕೊಳ್ಳಿ. ಈ ಸಲ ಬೂಟು ಹಾಕಿ, ಒಂದು ಕಾಲಿನ ಸ್ಕೀ ಆಡಿ, ಅಲ್ಲಿಗೇ ಸಾಕೆಂದರೆ ಸಾಕು ಎಂದು ಮಾತು ಕೊಡಿ, ಕೊಟ್ಟ ಮಾತು ಉಳಿಸಿಕೊಳ್ಳಿ. ಪಾಠದ ಹೊತ್ತಿನಲ್ಲಿ ನೀವಾರೂ ಬದಿಗೆ ನಿಂತು ವಿಡಿಯೊ ಮಾಡಬೇಡಿ. 11 ವರ್ಷದವರಿಗೆ ಬೀಳುವುದಕ್ಕಿಂತ ಬಿದ್ದದ್ದನ್ನು ಮಂದಿ ನೋಡಿದ್ದೇ ಹೆಚ್ಚು ನೋಯುತ್ತದೆ. ನಿಮ್ಮ ಪತ್ರದಲ್ಲೂ ‘ಮಂದಿ ನಡುವ’ ಎಂದೇ ಇದೆ. ದಿನವನ್ನು ಸುಸ್ತಾಗುವ ಮೊದಲೇ ಮುಗಿಸಿ, ಕೊನೆಯ ಸುತ್ತು ಅತಿ ಸುಲಭದ ಜಾಗದಲ್ಲಿರಲಿ. ಮನಸ್ಸು ಇಡೀ ದಿನವನ್ನು ಸಮನಾಗಿ ನೆನಪಿಟ್ಟುಕೊಳ್ಳುವುದಿಲ್ಲ, ಅತಿ ತೀವ್ರವಾದ ಕ್ಷಣವನ್ನೂ ಕೊನೆಯನ್ನೂ ಇಟ್ಟುಕೊಳ್ಳುತ್ತದೆ. ಪೆಟ್ಟುಗಳೂ ‘ಇದೊಂದು ಕೊನೇ ಸಲ’ ಎಂದು ದಣಿದ ಕಾಲಲ್ಲಿ ಮೇಲೇರಿದಾಗಲೇ ಹೆಚ್ಚು. ಹೆದರಿದ ಮಕ್ಕಳಲ್ಲಿ ಹೆಚ್ಚಿನವರು ಎರಡನೇ ಅಥವಾ ಮೂರನೇ ದಿನ ತಾವಾಗಿ ‘ಇನ್ನೊಮ್ಮೆ’ ಎನ್ನುತ್ತಾರೆ. ಎಲ್ಲರೂ ಅಲ್ಲ, ಹಾಗಾಗಿ ಇದನ್ನು ಭರವಸೆಯಾಗಿ ಅವಳಿಗೆ ಹೇಳಬೇಡಿ.

ನಿಮ್ಮ ಮೊಣಕಾಲನ್ನು ಹೋಗುವ ಮೊದಲು ಮೂಳೆ ತಜ್ಞರಿಗೆ ತೋರಿಸಲೇಬೇಕು. ಒಳಬದಿಯ ಕಟ್ಟು ಸಡಿಲಾಗಿದೆಯೇ, ಮೊಣಕಾಲು ಪೂರ್ತಿ ಚಾಚಿ ಪೂರ್ತಿ ಮಡಚಲು ಬರುತ್ತದೆಯೇ ಎಂದು ಕೇಳಿ. ಬಲಗಾಲೊಂದರ ಮೇಲೆ ನಿಂತು ಕುರ್ಚಿಯ ಎತ್ತರಕ್ಕೆ ಕೂತು ಏಳುವಾಗ ನೋವು, ಅಲುಗಾಟ ಇದ್ದರೆ ಈ ವರ್ಷ ಸ್ಕೀ ಬೇಡ. ಇಲ್ಲವಾದರೆ ಆರರಿಂದ ಎಂಟು ವಾರದ ತಯಾರಿ ಮಾಡಿ. ಗೋಡೆಗೆ ಬೆನ್ನು ಒರಗಿಸಿ ಕುರ್ಚಿಯಿಲ್ಲದೆ ಕೂರುವುದು, 30 ಸೆಕೆಂಡಿನಿಂದ ಶುರುಮಾಡಿ ಒಂದು ನಿಮಿಷಕ್ಕೆ, ಮೂರು ಸುತ್ತು. ಸ್ಕೀಯಲ್ಲಿ ತೊಡೆಯ ಸ್ನಾಯು ಉದ್ದವಾಗುತ್ತಲೇ ಭಾರ ಹೊರುತ್ತದೆ, ಅದಕ್ಕೆ ಹತ್ತುವುದಕ್ಕಿಂತ ಇಳಿಯುವ ಅಭ್ಯಾಸ ಬೇಕು. ಯಳ್ಳೂರಿನ ರಾಜಹಂಸಗಡದಿಂದ ವಾರಕ್ಕೆರಡು ಸಲ ನಿಧಾನವಾಗಿ, ಮೊಣಕಾಲು ಬಗ್ಗಿಸಿ ಇಳಿದರೆ ಸಾಕಷ್ಟು ಲಾಭವಿದೆ. ಬೆಳಗಾವಿಯಲ್ಲಿ ಮಕ್ಕಳ ಸ್ಕೇಟಿಂಗ್ ಒಳ್ಳೆಯ ನೆಲೆ ಕಂಡಿದೆ. ಮಕ್ಕಳಿಬ್ಬರನ್ನೂ ಒಂದೆರಡು ತಿಂಗಳು ಇನ್‌ಲೈನ್ ಸ್ಕೇಟಿಂಗ್‌ಗೆ ಕಳಿಸಿ. ಒಂದು ಕಾಲಿನ ಮೇಲೆ ಭಾರ ಬದಲಿಸುವುದು, ಅಂಚಿನ ಮೇಲೆ ನಿಲ್ಲುವುದು, ಕಾಲು ಅಗಲಿಸಿ ವೇಗ ಇಳಿಸುವುದು ಅಲ್ಲಿಂದ ಸೀದಾ ಹಿಮಕ್ಕೆ ಬರುತ್ತದೆ. ಮಗಳಿಗೆ ‘ನಿಲ್ಲಲು ನನಗೆ ಬರುತ್ತದೆ’ ಎಂಬ ನಂಬಿಕೆ ಇಲ್ಲಿನ ಸಿಮೆಂಟ್ ನೆಲದ ಮೇಲೇ ಹುಟ್ಟಲಿ.

ಶಿಕ್ಷಕರನ್ನು ಗೊತ್ತುಮಾಡುವಾಗ ಫೋನಿನಲ್ಲೇ ಕೆಲವು ಪ್ರಶ್ನೆ ಕೇಳಿ. ಎಲ್ಲಿ ತರಬೇತಿ ಪಡೆದಿದ್ದೀರಿ, ಮಕ್ಕಳಿಗೆ ಕಲಿಸಿದ್ದೀರಾ, ಮೊದಲ ತಾಸಿನಲ್ಲಿ ಏನು ಮಾಡಿಸುತ್ತೀರಿ? ‘ಒಂದೇ ದಿನದಲ್ಲಿ ಮೇಲಿಂದ ಇಳಿಸುತ್ತೇನೆ’ ಎಂದರೆ ಬೇರೆಯವರನ್ನು ನೋಡಿ. ‘ಮೊದಲು ಬೂಟು ನೋಡೋಣ, ಸಮತಟ್ಟಿನಲ್ಲಿ ಶುರುಮಾಡೋಣ’ ಎಂದರೆ ಮಾತು ಮುಂದುವರಿಸಿ. ಮಗಳು ಹೋದ ಸಲ ಹೆದರಿದ್ದಾಳೆ ಎಂಬುದನ್ನು ಅವರಿಗೆ ಅವಳ ಎದುರಿಗಲ್ಲ, ಮೊದಲೇ ತಿಳಿಸಿ. ಜನವರಿ ಎರಡನೇ ವಾರದಿಂದ ಫೆಬ್ರವರಿ ಕೊನೆಯವರೆಗೆ ಹಿಮ ಸಾಮಾನ್ಯವಾಗಿ ಚೆನ್ನಾಗಿರುತ್ತದೆ. ಬೆಳಗಿನ ಹಿಮ ಗಾಜಿನಷ್ಟು ಗಟ್ಟಿ, ಹಾಗಾಗಿ ಪಾಠ ಹತ್ತೂವರೆಯ ನಂತರ ಇರಲಿ. ಶ್ರೀನಗರದಿಂದ ಗುಲ್ಮಾರ್ಗ ಸುಮಾರು 50 ಕಿಲೋಮೀಟರ್, ಹಿಮ ಬಿದ್ದಾಗ ತಂಗ್‌ಮಾರ್ಗ್‌ನಿಂದ ಮೇಲಕ್ಕೆ ಚಕ್ರಕ್ಕೆ ಸರಪಳಿ ಕಟ್ಟಿದ ವಾಹನವೇ ಬೇಕು. ಹೋಗುವ, ಬರುವ ಎರಡೂ ಕಡೆ ಒಂದೊಂದು ದಿನ ಹೆಚ್ಚಿಗೆ ಇಟ್ಟುಕೊಳ್ಳಿ. ವಿಮಾನದ ಟಿಕೆಟ್ ತೆಗೆಯುವ ಮೊದಲು ಶಿಕ್ಷಕರ ದಿನಾಂಕ ಖಚಿತ ಮಾಡಿಕೊಳ್ಳಿ, ಮತ್ತು ನಾಲ್ವರ ಪಾದದ ಅಳತೆ, ಎತ್ತರ, ತೂಕ ಬರೆದು ಮೊದಲೇ ಕಳಿಸಿ, ಹೋದ ದಿನ ನಿಮ್ಮ ಅಳತೆಯ ಬೂಟು ಬೇರೆಯವರ ಕಾಲಲ್ಲಿ ಇರದಂತೆ.